ಕೇಳಿ, ಹೇಳ್ತೀನಿ: ಆನೆ ಕೇಳಿದ ಮಕ್ಕಳು

ಪ್ರಶ್ನೆ: ಅಕ್ಕಾ, ಪುಣೆಯ ನಮ್ಮ ಸೊಸೈಟಿಯಲ್ಲಿ ಭಾನುವಾರ ಕನ್ನಡ ಪಾಠ ಮಾಡುತ್ತೇನೆ. ಹದಿನಾಲ್ಕು ಮಕ್ಕಳಿದ್ದಾರೆ. ಮೊನ್ನೆ ಸಿಂಹಗಡ ರಸ್ತೆಯ ಪು. ಲ. ದೇಶಪಾಂಡೆ ಉದ್ಯಾನಕ್ಕೆ ಕರೆದುಕೊಂಡು ಹೋಗಿದ್ದೆ. ಅದು ಪುಣೆಗೂ ಜಪಾನಿನ ಒಕಾಯಾಮಾ ನಗರಕ್ಕೂ ಇರುವ ಸ್ನೇಹದ ತೋಟ ಅಂತ ತಿಳಿದದ್ದೇ ತಡ, ಜಪಾನಿನ ಮಕ್ಕಳಿಗೆ ಕಾಗದ ಬರೆಯಬೇಕು ಅಂತ ಹಟ ಹಿಡಿದಿದ್ದಾರೆ. ನಮ್ಮ ಮನೆಯವರು, "ದೇಶ ದೇಶದ ಸ್ನೇಹ ದೆಹಲಿಯವರ ಕೆಲಸ, ನೀನು ಒತ್ತಕ್ಷರ ಕಲಿಸು" ಎಂದು ನಗುತ್ತಾರೆ. ಬರೆಸಲೇ? ಏನು ಬರೆಸಲಿ?

ಉತ್ತರ: ಬರೆಸಿ. ಒತ್ತಕ್ಷರವೂ ಬರುತ್ತದೆ.

ನಿಮ್ಮ ಮನೆಯವರಿಗೆ ಇಂದಿರಾ ಅನ್ನುವ ಆನೆಯ ಕತೆ ಹೇಳಿ. ಬಾಂಬ್ ಬಿದ್ದು ಪ್ರಾಣಿಗಳು ಊರಿಗೆ ನುಗ್ಗಿದರೆ ಏನು ಗತಿ ಎಂದು 1943ರಲ್ಲಿ ಟೋಕಿಯೋದ ಉಯೆನೊ ಮೃಗಾಲಯದ ಆನೆಗಳನ್ನು ಉಪವಾಸ ಕೆಡವಿ ಸಾಯಿಸಿದರು. ಯುದ್ಧ ಮುಗಿದ ಮೇಲೆ ಅಲ್ಲಿಯ ಮಕ್ಕಳು, ನಮಗೊಂದು ಆನೆ ಕೊಡಿ ಎಂದು ನೆಹರೂ ಅವರಿಗೆ ಕಾಗದ ಬರೆದರು. ಆ ಕಾಗದಗಳನ್ನು ಹೊತ್ತು ತಂದವರು ರಾಯಭಾರಿಯಲ್ಲ, ಕಲ್ಕತ್ತೆಯ ಒಬ್ಬ ವ್ಯಾಪಾರಿ. 1949ರ ಸೆಪ್ಟೆಂಬರಿನಲ್ಲಿ ಆನೆ ಟೋಕಿಯೋ ಮುಟ್ಟಿತು. ಭಾರತ–ಜಪಾನ್ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದದ್ದು 1952ರಲ್ಲಿ! ಆನೆ ಕಳಿಸಿದವರು ದೆಹಲಿಯವರೇ ತಾನೇ ಎಂದು ಅವರು ವಾದಿಸಬಹುದು. ಹೌದು. ಕೇಳಿದವರು ಯಾರು?

ಇಂದಿರಾ ಮೈಸೂರು ಸೀಮೆಯವಳು. ಅವಳಿಗೆ ತಿಳಿಯುತ್ತಿದ್ದದ್ದು ಕನ್ನಡದ ಮಾತು. ಜೊತೆಗೆ ಹೋದ ಮಾವುತರಿಂದ ಜಪಾನಿನ ಮೃಗಾಲಯದವರು ಕನ್ನಡ ಕಲಿತರು. ಅವರಿಗೆ ಒತ್ತಕ್ಷರ ಬೇಕಾಗಿರಲಿಕ್ಕಿಲ್ಲ, ಬಿಡಿ.

ಈಗ, ಏನು ಬರೆಸುವುದು? "ನಮ್ಮ ದೇಶ ದೊಡ್ಡದು, ನವಿಲು ನಮ್ಮ ರಾಷ್ಟ್ರಪಕ್ಷಿ" ಖಂಡಿತ ಬೇಡ. ಎಂಟನೇ ತರಗತಿಯಲ್ಲಿ ನಾನು ಜಪಾನಿನ ಹುಡುಗಿಯೊಬ್ಬಳಿಗೆ ಇಂಥವೇ ಎರಡು ಕಾಗದ ಬರೆದಿದ್ದೆ, ತಾಜ್ ಮಹಲ್ ಸಮೇತ. ಉತ್ತರವೇ ಇಲ್ಲ. ಮೂರನೆಯದರಲ್ಲಿ ಸುಮ್ನೆ ಕೇಳಿದೆ: ಪುಣೆಯ ಜುಲೈ ಮಳೆಗೆ ನನ್ನ ಶಾಲೆಯ ಶೂ ಒಣಗುವುದೇ ಇಲ್ಲ, ನೀವೇನು ಮಾಡುತ್ತೀರಿ? ತಿಂಗಳೊಳಗೆ ಉತ್ತರ ಬಂತು. ಹಳೆ ಪೇಪರ್ ಮುದ್ದೆ ಮಾಡಿ ಒಳಗೆ ತುರುಕು, ಒದ್ದೆಯಾದ ಹಾಗೆ ಬದಲಿಸು. ಚಿತ್ರ ಬೇರೆ ಬಿಡಿಸಿದ್ದಳು. ಅವರಲ್ಲೂ ಜೂನ್, ಜುಲೈಯಲ್ಲಿ ಮಳೆಯಂತೆ, ಅವಳ ಶೂವಿನದೂ ಅದೇ ಗೋಳಂತೆ. ಆಮೇಲೆ ಒಂಬತ್ತು ವರ್ಷ ಬರೆದುಕೊಂಡೆವು.

ಅದಕ್ಕೇ, ಪ್ರತಿ ಮಗುವೂ ಏನಾದರೂ ಒಂದು ಕೇಳಲಿ. ನಿಮ್ಮ ತೋಟಕ್ಕೆ ಮಾದರಿಯಾದ ಒಕಾಯಾಮಾದ ಕೊರಾಕುಎನ್ ತೋಟ 1700ರಲ್ಲಿ ಮುಗಿದದ್ದು. ಅಷ್ಟು ದೊಡ್ಡ ಹುಲ್ಲುಹಾಸನ್ನು ಕತ್ತರಿಸುವವರು ಯಾರು ಅಂತ ಯಾವನೋ ತುಂಟ ಕೇಳಿಯೇ ಕೇಳುತ್ತಾನೆ. ತಡೆಯಬೇಡಿ. ಕನ್ನಡದಲ್ಲೇ ಬರೆಯಲಿ, ಕೆಳಗೆ ಜಪಾನಿ ಅನುವಾದ ಇರಲಿ. ಪುಣೆಯಲ್ಲಿ ಜಪಾನಿ ಕಲಿತವರಿಗೇನೂ ಬರವಿಲ್ಲ. ಮಕ್ಕಳ ಮನೆ ವಿಳಾಸ ಹಾಕಿಸಬೇಡಿ, ನಿಮ್ಮದೊಂದೇ ಸಾಕು. ಹದಿನಾಲ್ಕೂ ಒಂದೇ ಲಕೋಟೆಯಲ್ಲಿ ಹೋಗಲಿ. ಅಂಚೆ ಕಚೇರಿಯ ಸಾಲಿನಲ್ಲಿ ನಿಲ್ಲುವ ಕೆಲಸ ನಿಮ್ಮ ಮನೆಯವರಿಗೆ ಹೇಳಿ.