ಹಾಳೆಯಲ್ಲಿಲ್ಲದ ಪ್ರಶ್ನೆ

ಕೋಲಾರದಿಂದ ಬಂದ ಈ ಪತ್ರ ಓದಿ ನನಗೆ ಸಿಟ್ಟು ಬಂತು. ಬರೆದವರ ಮೇಲಲ್ಲ ಬಿಡಿ, ಅವರ ಭಾವನ ಮೇಲೆ. ಅವರ ವಿಚಾರ ಆಮೇಲೆ ನೋಡಿಕೊಳ್ಳೋಣ. ಮೊದಲು ಸಂಗತಿ ಏನು ಅಂತ ಚುಟುಕಾಗಿ ಹೇಳಿಬಿಡುತ್ತೇನೆ.

ಇವರಿಗೆ 35 ವರ್ಷ. ಎಪಿಎಂಸಿ ಯಾರ್ಡಿನ ಟೊಮ್ಯಾಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಯಾವ ರೈತನದು ಎಷ್ಟು ಬಾಕ್ಸ್, ಎಷ್ಟಕ್ಕೆ ಹೋಯಿತು, ಯಾವ ಲಾರಿಗೆ ಏರಿತು ಎಲ್ಲ ಬಾಯಲ್ಲೇ ಇರುತ್ತದಂತೆ, ಪುಸ್ತಕ ತೆಗೆಯುವುದೇ ಬೇಡ. ಕಳೆದ ವರ್ಷ ಯಜಮಾನರ ಮಗ ವ್ಯವಹಾರಕ್ಕೆ ಕೂತ. ಕೂತವನೇ ಇವರ ಮೇಜನ್ನು ಒಳಕೋಣೆಯಿಂದ ಎತ್ತಿಸಿ ಹರಾಜು ನಡೆಯುವ ಜಾಗದ ಪಕ್ಕಕ್ಕೆ ಹಾಕಿಸಿದ. ದಿನವಿಡೀ ಹರಾಜಿನ ಕೂಗು, ಲಾರಿ ಹಾರನ್ನು, ಖಾಲಿ ಬಾಕ್ಸುಗಳನ್ನು ಎತ್ತಿ ಬಿಸಾಡುವ ಸದ್ದು. ಕೆಲವೇ ತಿಂಗಳಲ್ಲಿ ಇವರು ಮನೆಗೆ ಬಂದರೆ ಯಾರ ಜೊತೆಗೂ ಮಾತಿಲ್ಲ, ದೀಪ ಹಾಕದ ಕೋಣೆಯಲ್ಲಿ ಬರೀ ನೆಲದ ಮೇಲೆ ಮಲಗಿಬಿಡುವುದು. ಖಿನ್ನತೆ ಇರಬಹುದು ಅಂತ ಊರಿನ ಡಾಕ್ಟರು ಬೆಂಗಳೂರಿಗೆ ಕಳಿಸಿದರು. ಅಲ್ಲಿ ಇವರನ್ನು ಕೇಳಿದ್ದಕ್ಕಿಂತ ಹೆಚ್ಚಾಗಿ ಜೊತೆಗೆ ಹೋಗಿದ್ದ ತಾಯಿಯನ್ನು ಕೇಳಿದರಂತೆ. ಮಾತು ಯಾವಾಗ ಬಂತು, ಯಾರ ಜೊತೆ ಆಡುತ್ತಿದ್ದ, ಯಾವುದಕ್ಕೆ ಹಟ ಮಾಡುತ್ತಿದ್ದ. ದೀಪಾವಳಿ ಬಂದರೆ ಅಕ್ಕಿ ಡಬ್ಬದ ಹಿಂದೆ ಕಿವಿ ಮುಚ್ಚಿ ಕೂರುತ್ತಿದ್ದ, ಬೆಂಕಿಪೊಟ್ಟಣ ಸಾಲಾಗಿ ಜೋಡಿಸಿದ್ದನ್ನು ಯಾರಾದರೂ ಒಂದು ಕದಲಿಸಿದರೆ ಬೀದಿಗೆಲ್ಲ ಕೇಳುವಂತೆ ಅಳುತ್ತಿದ್ದ, ತಟ್ಟೆಯಲ್ಲಿ ಪಲ್ಯಕ್ಕೆ ಸಾರು ತಾಗಿದರೆ ಊಟವೇ ಬೇಡ ಅನ್ನುತ್ತಿದ್ದ ಅಂತ ಆ ತಾಯಿ ಒಂದೊಂದೇ ಹೇಳಿದರು. ಕೊನೆಗೆ ಕೈಗೆ ಬಂದ ರಿಪೋರ್ಟಿನಲ್ಲಿ ಆಟಿಸಂ ಅಂತಿತ್ತು, ಅಂದರೆ ಮೆದುಳು ಹುಟ್ಟಿನಿಂದಲೇ ಬೇರೆ ರೀತಿ ಬೆಳೆದಿರುವುದು.

ಅಷ್ಟರಲ್ಲಿ ಶ್ರೀನಿವಾಸಪುರದ ಕಡೆಯಿಂದ ಒಂದು ಸಂಬಂಧ ಕುದುರಿದೆ. ಹುಡುಗಿ ಖಾಸಗಿ ಶಾಲೆಯಲ್ಲಿ ಟೀಚರ್, ತಂದೆಗೆ ಮಾವಿನ ತೋಟ. ಬರುವ ತಿಂಗಳು ನಿಶ್ಚಿತಾರ್ಥ. ಭಾವ ಆ ರಿಪೋರ್ಟನ್ನು ತಮ್ಮ ಮನೆಗೆ ಒಯ್ದು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. “ಮದ್ವೆ ಆದ್ಮೇಲೆ ಎಲ್ಲಾ ಸರಿಹೋಗ್ತದೆ, ನೀನ್ ಬಾಯ್ ಬಿಡ್ಬೇಡ” ಅಂತ ಅಪ್ಪಣೆಯೂ ಆಗಿದೆ. ಇವರ ಪ್ರಶ್ನೆ: ಹೇಳಬೇಕೋ ಬೇಡವೋ? ಹೇಳಿ ಸಂಬಂಧ ಮುರಿದರೆ ಅಕ್ಕನಿಗೆ ಮುಖ ತೋರಿಸುವುದು ಹೇಗೆ? ಸರಿಹೋಗುವ ತನಕ ಮದುವೆಯೇ ಬೇಡ ಅಂದುಬಿಡಲೇ?

ಈಗ ಪತ್ರದ ಮೂರನೇ ಪುಟಕ್ಕೆ ಬರುತ್ತೇನೆ. “ಆ ದಿನ ಇನ್ನೊಂದು ತಪ್ಪು ಮಾಡಿದೆ ಮೇಡಂ” ಅಂತ ಶುರುವಾಗುವ ಒಂದು ಪ್ಯಾರಾ ಇದೆ ಅಲ್ಲಿ. ಹುಡುಗಿಯ ಜೊತೆ ಫೋನಿನಲ್ಲಿ ಮಾತಾಡಿಸಿದ ದಿನ. ಏನು ಕೇಳಬೇಕು, ಏನು ಹೇಳಬೇಕು ಅಂತ ಭಾವ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದರು. ಊಟ ಆಯ್ತಾ, ಸ್ಕೂಲ್ ಹೇಗಿದೆ, ಸಿನಿಮಾ ನೋಡ್ತೀರಾ, ನಮ್ಮಮ್ಮನ್ನ ಚೆನ್ನಾಗಿ ನೋಡ್ಕೋತೀರಾ. ಸ್ಪೀಕರ್ ಹಾಕಿಕೊಂಡು ಸುತ್ತ ಐದು ಜನ. (ಗಂಡು ಹೆಣ್ಣು ಮಾತಾಡುವಾಗ ಸ್ಪೀಕರ್ ಹಾಕುವ ಮನೆಗಳ ಬಗ್ಗೆ ಈ ಅಂಕಣದಲ್ಲಿ ಎಷ್ಟು ಸಲ ಬೈದಿದ್ದೇನೋ, ಯಾರೂ ಕೇಳುವಂತೆ ಕಾಣುವುದಿಲ್ಲ.) ಹಾಳೆ ಮುಗಿಯಿತು. ಆಗ ಹುಡುಗಿಯೇ ಕೇಳಿದರು: “ಟೊಮ್ಯಾಟೊ ರೇಟು ಒಂದೇ ದಿನದಲ್ಲಿ ಅಷ್ಟು ಏರಿಳಿತ ಆಗ್ತದಲ್ಲ, ಯಾಕೆ?”

ಇವರು ಶುರುಮಾಡಿದರು. ಗಟ್ಟಿ ಕಾಯಿ ದೂರದ ಲಾರಿಗೆ, ಮಾಗಿದ್ದು ಹತ್ತಿರದ ಊರಿಗೆ. ಹೊರರಾಜ್ಯದ ವ್ಯಾಪಾರಿಗಳು ಎಷ್ಟು ಜನ ನಿಂತಿದ್ದಾರೆ ಅನ್ನುವುದರ ಮೇಲೆ ಕೂಗು ಏರುತ್ತದೆ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿದಾಗ ಯಾರ್ಡಿನಲ್ಲಿ ಏನೇನಾಯಿತು, ರೈತರು ತೋಟಕ್ಕೆ ಹೇಗೆ ರಾತ್ರಿ ಕಾವಲು ಕೂತರು. ಅಕ್ಕ ಕಣ್ಣು ಬಿಟ್ಟರು, ಭಾವ ತೊಡೆ ಚಿವುಟಿದರು, ಇವರಿಗೆ ನಿಲ್ಲಿಸಲು ಆಗಲಿಲ್ಲ. ಎಲ್ಲ ಮುಗಿದ ಮೇಲೆ ಆ ಕಡೆಯಿಂದ ಮತ್ತೊಂದು ಪ್ರಶ್ನೆ ಬಂತು: “ಹಾಗಾದ್ರೆ ಮಳೆ ಜೋರಾದ್ರೆ ಲಾಭ ರೈತರಿಗಾ, ಮಂಡಿಯವ್ರಿಗಾ?” ಭಾವ ಫೋನ್ ಕಿತ್ತುಕೊಂಡು, ಹುಡುಗನಿಗೆ ಕೆಲಸ ಅಂದರೆ ಪ್ರಾಣ ಅಂತ ನಕ್ಕು ತೇಲಿಸಿದರು. ಎರಡು ದಿನ ಬಿಟ್ಟು ಹುಡುಗಿ ಕಡೆಯವರು ಒಪ್ಪಿಗೆ ಹೇಳಿಕಳಿಸಿದರು.

ಅಲ್ಲಪ್ಪಾ, ಇದನ್ನು ತಪ್ಪಿನ ಲೆಕ್ಕಕ್ಕೆ ಬರೆದುಕೊಂಡಿದ್ದೀರಲ್ಲ! ಬಾಕ್ಸಿನ ಲೆಕ್ಕ ಅಷ್ಟು ಚೆನ್ನಾಗಿ ಇಡುವವರು ಇಲ್ಲಿ ಜಮಾ ಖರ್ಚು ಅದಲುಬದಲು ಮಾಡಿದ್ದೀರಿ. ಸೌಜನ್ಯಕ್ಕೆ ಮೊದಲನೇ ಪ್ರಶ್ನೆ ಯಾರು ಬೇಕಾದರೂ ಕೇಳುತ್ತಾರೆ. ಅಷ್ಟುದ್ದ ಕೇಳಿಸಿಕೊಂಡು, ಕೇಳಿಸಿಕೊಂಡದ್ದರ ಒಳಗಿಂದಲೇ ಇನ್ನೊಂದನ್ನು ಹೆಕ್ಕಿ ಕೇಳಬೇಕಾದರೆ ಕಿವಿ ನಿಜವಾಗಿ ನಿಮ್ಮ ಕಡೆ ಇರಬೇಕು. ಅದಕ್ಕೇ ಆಕೆ ಒಪ್ಪಿದರು ಅಂತ ನಾನು ಆಣೆ ಇಡಲಾರೆ. ಮನೆಯವರ ಒತ್ತಾಯವೂ ಇರಬಹುದು, ನಿಮ್ಮ ಸಂಬಳವೂ ಇರಬಹುದು. ಆದರೆ ಆ ಫೋನಿನಲ್ಲಿ ಇಬ್ಬರು ಮನುಷ್ಯರು ಮಾತಾಡಿದ್ದು ಅಂತ ಇದ್ದರೆ ಅದು ಹಾಳೆ ಮುಗಿದ ಮೇಲೆ. ಅದಕ್ಕೆ ಮುಂಚೆ ಆಕೆಯ ಜೊತೆ ಮಾತಾಡಿದ್ದು ನಿಮ್ಮ ಭಾವ.

ಇನ್ನೊಂದನ್ನೂ ನೀವೇ ಬರೆದಿದ್ದೀರಿ. ಹಾಳೆ ಹಿಡಿದು ಮಾತಾಡುವಾಗ ಅಂಗಿ ಬೆವತು ಒದ್ದೆಯಾಗಿತ್ತು, ಟೊಮ್ಯಾಟೊ ವಿಷಯ ಬಂದ ಮೇಲೆ ಬೆವರಿದ್ದೇ ನೆನಪಿಲ್ಲ ಅಂತ. ಆಟಿಸಂ ಇರುವ ಎಷ್ಟೋ ವಯಸ್ಕರು ಇದನ್ನೇ ಹೇಳುತ್ತಾರೆ. ಎಲ್ಲರಂತೆ ಕಾಣಬೇಕು ಅಂತ ನಗುವುದು, ಕಣ್ಣಲ್ಲಿ ಕಣ್ಣಿಟ್ಟು ನೋಡುವುದು, ಹೂಂಗುಟ್ಟುವುದು ಎಲ್ಲವನ್ನೂ ಲೆಕ್ಕ ಹಾಕಿ ಮಾಡಬೇಕು. ಅದು ಮೈಮುರಿಯುವ ಕೆಲಸ. ವರ್ಷಗಟ್ಟಲೆ ಮಾಡಿದರೆ ಒಂದು ದಿನ ಮಾತೇ ನಿಂತುಹೋಗುವಷ್ಟು ಸುಸ್ತು ಬರುತ್ತದೆ, ನಿಮಗೆ ಹರಾಜಿನ ಪಕ್ಕ ಕೂತು ಬಂದ ಹಾಗೆ. ಇಂಗ್ಲೆಂಡಿನಲ್ಲಿ ಡೇಮಿಯನ್ ಮಿಲ್ಟನ್ ಅಂತ ಒಬ್ಬ ಸಮಾಜಶಾಸ್ತ್ರಜ್ಞ ಇದ್ದಾರೆ, ಸ್ವತಃ ಆಟಿಸಂ ಇರುವವರು. ಆಟಿಸಂ ಇರುವವರಿಗೆ ಬೇರೆಯವರ ಮನಸ್ಸು ತಿಳಿಯುವುದಿಲ್ಲ ಅಂತ ದೂರುವ ಲೋಕಕ್ಕೆ ಆಟಿಸಂ ಇರುವವರ ಮನಸ್ಸು ತಿಳಿಯುತ್ತದೆಯೇ, ಕಷ್ಟ ಎರಡೂ ಕಡೆಯದು ಅಲ್ಲವೇ ಅಂತ 2012ರಲ್ಲಿ ಅವರು ಬರೆದರು. ನಿಮ್ಮ ಮನೆಯ ಐದು ಜನಕ್ಕೆ ಆ ದಿನ ನೀವು ಅರ್ಥವಾಗಲಿಲ್ಲ. ಶ್ರೀನಿವಾಸಪುರದಲ್ಲಿ ಕೂತ ಒಬ್ಬರಿಗೆ ಒಂದಿಷ್ಟಾದರೂ ಆದಿರಿ. ಕೊರತೆ ಯಾರದು ಅಂತ ನೀವೇ ಹೇಳಿ.

“ಸರಿಹೋಗುವ ತನಕ” ಅಂದಿರಲ್ಲ, ಆ ಲೆಕ್ಕ ಇವತ್ತೇ ಮುಗಿಸಿ. ಆಟಿಸಂ ಹೋಗಲಾಡಿಸುವ ಔಷಧಿ ಇಲ್ಲ. ಜೊತೆಗೆ ಬರುವ ಆತಂಕಕ್ಕೆ, ನಿದ್ದೆಗೆ, ಖಿನ್ನತೆಗೆ ಇದೆ, ಬೇಕಾದರೆ ತೆಗೆದುಕೊಳ್ಳಿ. ಇದು ನಡುವೆ ಅಂಟಿಕೊಂಡ ಕಾಯಿಲೆಯಲ್ಲ, ಹುಟ್ಟಿನಿಂದ ನಿಮ್ಮ ಮೆದುಳು ಬೆಳೆದ ರೀತಿ. ಅಮ್ಮ “ನಾನ್ ಬೈದು ಬೈದು ಹೀಗಾಯ್ತೇನೋ” ಅಂತ ಅತ್ತರು ಅಂದಿದ್ದೀರಿ. ತಾಯಿಯ ಪ್ರೀತಿ ಸಾಲದೆ ಹೀಗಾಗುತ್ತದೆ ಅಂತ ಒಂದು ಕಾಲದಲ್ಲಿ ಅಮೆರಿಕದ ಹೆಸರಾಂತ ವೈದ್ಯರೇ ಹೇಳುತ್ತಿದ್ದರು, ಆ ವಾದ ಬಿದ್ದುಹೋಗಿ ದಶಕಗಳೇ ಆದವು. ಅಮ್ಮನಿಗೆ ಇದನ್ನು ಓದಿ ಹೇಳಿ. ಇಷ್ಟು ವರ್ಷ ಯಾಕೆ ಯಾರಿಗೂ ಗೊತ್ತಾಗಲಿಲ್ಲ ಅಂತ ಕೇಳಿದ್ದೀರಿ. ನೀವು ಸ್ಲೇಟು ಹಿಡಿದು ಶಾಲೆಗೆ ಹೋಗುವಾಗ ನಮ್ಮ ಸರ್ಕಾರಕ್ಕೇ ಗೊತ್ತಿರಲಿಲ್ಲ! 1995ರ ಅಂಗವಿಕಲರ ಕಾಯ್ದೆಯ ಏಳು ವಿಧಗಳಲ್ಲಿ ಆಟಿಸಂ ಇರಲಿಲ್ಲ. 2016ರ ಕಾಯ್ದೆ 21 ವಿಧ ಹೆಸರಿಸಿದಾಗ ಅದು ಸೇರಿತು, ಅಲ್ಲೂ ಮಾನಸಿಕ ಕಾಯಿಲೆಯಿಂದ ಬೇರೆಯಾಗಿಯೇ. ಲೆಕ್ಕ ಚೆನ್ನಾಗಿ ಮಾಡುವ, ಗಲಾಟೆ ಮಾಡದ ಹುಡುಗನನ್ನು ಯಾವ ಮೇಷ್ಟ್ರು ಡಾಕ್ಟರ ಹತ್ತಿರ ಕಳಿಸುತ್ತಾರೆ?

1943ರಲ್ಲಿ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಬಗ್ಗೆ ಪ್ರಕಟಿಸಿದ ಲೇಖನದಲ್ಲಿ ಮೊದಲನೆಯವನಾಗಿ ಬರುವ ಹುಡುಗ ಡೊನಾಲ್ಡ್ ಟ್ರಿಪ್ಲೆಟ್. ಅಮೆರಿಕದ ಮಿಸಿಸಿಪಿ ರಾಜ್ಯದ ಒಂದು ಪುಟ್ಟ ಊರಿನವರು. ಅವರು ಅದೇ ಊರಿನ ಬ್ಯಾಂಕಿನಲ್ಲಿ ಜೀವಮಾನವಿಡೀ ಕೆಲಸ ಮಾಡಿದರು, ಕಾರು ಓಡಿಸಿದರು, ಗಾಲ್ಫ್ ಆಡಿದರು, ದೇಶ ದೇಶ ಸುತ್ತಿದರು, 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡರು. ಮದುವೆಯಾಗಲಿಲ್ಲ, ಅದು ಬೇರೆ ಮಾತು. ಊರಿನವರು ಅವರನ್ನು ಅವರಿದ್ದ ಹಾಗೇ ಇಟ್ಟುಕೊಂಡರು, ಸರಿಮಾಡಲು ಹೋಗಲಿಲ್ಲ.

ಇನ್ನು ನಿಮ್ಮ ಭಾವ. ಈ ಅಂಕಣ ಓದುವವರಿಗೆ ಗೊತ್ತು, ಮಾವನ ಮನೆಯ ಯಜಮಾನಿಕೆ ಕೈಗೆ ತೆಗೆದುಕೊಳ್ಳುವ ಹಿರಿಯ ಅಳಿಯಂದಿರನ್ನು ಕಂಡರೆ ನನಗೆ ಆಗುವುದಿಲ್ಲ. ಸಂಬಂಧ ಹುಡುಕಿದ್ದು ಉಪಕಾರ, ಒಪ್ಪಿಕೊಳ್ಳೋಣ. ಅದಕ್ಕೆ ಅಂತ ಇನ್ನೊಬ್ಬರ ಆಸ್ಪತ್ರೆ ಕಾಗದವನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಹಕ್ಕು ಎಲ್ಲಿಂದ ಬಂತು? ಬಾಕ್ಸಿನ ಮೇಲೆ ಒಳ್ಳೆ ಕಾಯಿ ಜೋಡಿಸಿ ಅಡಿಗೆ ಕೆಟ್ಟದ್ದು ತುಂಬುವವರನ್ನು ನೀವು ಮಂಡಿಯಲ್ಲಿ ನೋಡಿದ್ದೀರಿ. ಭಾವನ ಕಣ್ಣಿಗೆ ನೀವು ಅಡಿಯ ಕಾಯಿ. ನನಗೆ ಕೋಪ ಬಂದದ್ದು ಅದಕ್ಕೆ, ಸುಳ್ಳು ಹೇಳಿಸುತ್ತಿದ್ದಾರೆ ಅನ್ನುವುದಕ್ಕಿಂತ ಹೆಚ್ಚಾಗಿ. ಆದರೂ ಸುಳ್ಳು ಸುಳ್ಳೇ. 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಸೆಕ್ಷನ್ ಅವರಿಗೆ ಗೊತ್ತಿದೆಯೋ ಇಲ್ಲವೋ. ಮುಖ್ಯ ಸಂಗತಿಯೊಂದರಲ್ಲಿ ವಂಚನೆ ಮಾಡಿ ಒಪ್ಪಿಗೆ ಪಡೆದಿದ್ದರೆ, ಅದು ಬಯಲಾದ ಒಂದು ವರ್ಷದೊಳಗೆ ಮದುವೆ ರದ್ದು ಕೇಳಿ ಕೋರ್ಟಿಗೆ ಹೋಗಲು ಅದರಲ್ಲಿ ದಾರಿಯಿದೆ. ನಿಮ್ಮ ವಿಷಯ ಅಲ್ಲಿ ನಿಲ್ಲುತ್ತದೋ ಇಲ್ಲವೋ ನ್ಯಾಯಾಧೀಶರಿಗೆ ಬಿಟ್ಟದ್ದು, ಅಲ್ಲಿಯ ತನಕ ಅಲೆಯುವವರು ಮಾತ್ರ ನೀವು ಮತ್ತು ಆಕೆ, ಭಾವ ಅಲ್ಲ.

ಆಕೆಯ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಚಿಂತೆಯೂ ಇಲ್ಲದ್ದು ನನಗೆ ಬೇಸರ ತಂದಿತು. ಅಕ್ಕನ ಮುಖ, ಭಾವನ ಮರ್ಯಾದೆ, ಅಮ್ಮನ ಕಣ್ಣೀರು ಎಲ್ಲ ಇದೆ. ಮದುವೆಯಾಗಿ ಬಂದ ಮೂರನೇ ದಿನ ಗಂಡ ದೀಪ ಆರಿಸಿ ನೆಲದ ಮೇಲೆ ಮಲಗಿ ಮಾತು ನಿಲ್ಲಿಸಿದರೆ, ತನ್ನಿಂದ ಏನು ತಪ್ಪಾಯಿತು ಅಂತ ಆ ಹೆಣ್ಣುಮಗಳು ಎಷ್ಟು ರಾತ್ರಿ ಕೊರಗಬೇಕು? ಗೊತ್ತಿದ್ದರೆ ಬಾಗಿಲು ಎಳೆದುಕೊಂಡು ತನ್ನ ಪಾಡಿಗೆ ನೋಟ್ಸ್ ತಿದ್ದುತ್ತಾ ಕೂರಬಹುದು.

ಆದ್ದರಿಂದ ನಾನು ಹೇಳುವುದು ಒಂದೇ. ಬರುವ ಭಾನುವಾರ ಆಕೆಯನ್ನು ಅವರ ಊರಿಗೇ ಹೋಗಿ ಕಂಡು, ನೀವೇ ಹೇಳಿ. ಮೊದಲೇ ತಿಳಿಸಿ ಹೋಗಿ, ಆಕೆಯ ಕಡೆಯವರು ಯಾರಾದರೂ ಜೊತೆಗಿರಲಿ, ನಿಮ್ಮ ಕಡೆಯಿಂದ ಬೇಕಿದ್ದರೆ ಅಮ್ಮ. ಭಾವ ಬೇಡ. ಹೋಟೆಲ್ ಬೇಡ, ಮಿಕ್ಸಿ ಸದ್ದಿಗೆ ನಿಮ್ಮ ತಲೆ ಕೆಡುತ್ತದೆ. ಅಂತರಗಂಗೆ ಬೆಟ್ಟವೂ ಬೇಡ, ಭಾನುವಾರ ಅಲ್ಲಿ ಜನ, ಜನಕ್ಕಿಂತ ಹೆಚ್ಚು ಕೋತಿ. ಅವರ ಮಾವಿನ ತೋಟವೇ ಸಾಕು.

ಬಾಯಿ ಕಟ್ಟುತ್ತದೆ ಅನ್ನುವ ಭಯ ನಿಮಗೆ. ಕಷ್ಟದ ಮಾತನ್ನು ಬರೆದುಕೊಂಡು ಹೋಗಿ ಓದಿ ಅಂತ ನಾನು ಎಲ್ಲರಿಗೂ ಹೇಳುತ್ತಲೇ ಇರುತ್ತೇನೆ, ನಿಮಗಂತೂ ಎರಡು ಸಲ ಹೇಳುತ್ತೇನೆ. ಕೈಯಲ್ಲಿ ಹಾಳೆ ಇರಲಿ, ಅದರಲ್ಲಿ ಭಾವನ ಅಕ್ಷರ ಇರಬಾರದು ಅಷ್ಟೇ. ರಿಪೋರ್ಟಿನಲ್ಲಿ ಹೀಗಿದೆ ಅಂತ ಮೊದಲ ಸಾಲಿನಲ್ಲೇ ಬರೆಯಿರಿ. ಸಂಜೆ ಬಂದು ಒಂದು ಗಂಟೆ ಯಾರ ಜೊತೆಗೂ ಮಾತಾಡಲಾರೆ, ಅದು ಕೋಪವಲ್ಲ ಅಂತ ಬರೆಯಿರಿ. ಬೇಜಾರಾದರೆ ಮುಖ ನೋಡಿ ನನಗೆ ಗೊತ್ತಾಗಲಿಕ್ಕಿಲ್ಲ, ಬಾಯಿ ಬಿಟ್ಟು ಹೇಳಿ ಅಂತ ಬರೆಯಿರಿ. ಸಾರು ಪಲ್ಯ ತಾಗಬಾರದು ಅನ್ನುವುದನ್ನೂ ಬರೆಯಿರಿ, ನಗಲಿ ಬಿಡಿ. ರಿಸೆಪ್ಷನ್ನಿನಲ್ಲಿ ಸ್ಟೇಜ್ ಮೇಲೆ ನಾಲ್ಕು ಗಂಟೆ ನಿಲ್ಲುವುದು, ಕಿವಿಯ ಪಕ್ಕ ಆರ್ಕೆಸ್ಟ್ರಾ ಇವು ನಿಮ್ಮಿಂದ ಆಗದಿದ್ದರೆ ಅದನ್ನೂ ಈಗಲೇ ಹೇಳಿ. ಹುಟ್ಟುವ ಮಕ್ಕಳಿಗೂ ಬರುತ್ತದಾ ಅಂತ ಆಕೆ ಕೇಳಬಹುದು. ಇದರಲ್ಲಿ ವಂಶವಾಹಿಯ ಪಾಲು ದೊಡ್ಡದು, ಬೇರೆಯವರಿಗಿಂತ ಸಾಧ್ಯತೆ ಹೆಚ್ಚು, ಬಂದೇ ಬರುತ್ತದೆ ಅಂತಿಲ್ಲ. ನಿಮ್ಮ ಡಾಕ್ಟರ ಹತ್ತಿರ ಇಬ್ಬರೂ ಹೋಗಿ ಕೇಳೋಣ ಅನ್ನಿ. ಓದಿ ಮುಗಿಸಿದ ಮೇಲೆ ಆಕೆಗೂ ಹೇಳುವುದೇನಾದರೂ ಇದೆಯಾ ಕೇಳಿ, ಕೇಳಿ ಸುಮ್ಮನಿರಿ. ಟೊಮ್ಯಾಟೊ ವಿಷಯ ಆಕೆ ಎತ್ತಿದರೆ ಮಾತ್ರ.

ಬೇಡ ಅಂದರೆ? ಅನ್ನಬಹುದು, ಅದು ಆಕೆಯ ಹಕ್ಕು. ಆಗ ನಿಮ್ಮ ಅಕ್ಕ ಒಂದಿಷ್ಟು ದಿನ ಮುಖ ಊದಿಸಿಕೊಂಡಿರುತ್ತಾರೆ, ಗೌರಿ ಹಬ್ಬದ ಬಾಗಿನ ಕೊಡಲು ಹೋಗುವ ಹೊತ್ತಿಗೆ ಇಳಿದಿರುತ್ತದೆ. ಛತ್ರಕ್ಕೆ ಕೊಟ್ಟ ಅಡ್ವಾನ್ಸ್ ಹೋದರೆ ಹೋಗಲಿ.

ಹೊರಡುವ ಮುಂಚೆ, ಶನಿವಾರವೇ, ಭಾವನ ಮನೆಗೆ ಹೋಗಿ ರಿಪೋರ್ಟ್ ಇಸಿದುಕೊಳ್ಳಿ. ಕೊಡದಿದ್ದರೆ ಜಗಳ ಬೇಡ, ಬೆಂಗಳೂರಿನ ಆಸ್ಪತ್ರೆಯಲ್ಲಿ ಇನ್ನೊಂದು ಪ್ರತಿ ಕೇಳಿ. ಅದೇ ಪ್ರತಿ ತೋರಿಸಿ ಯಜಮಾನರ ಹತ್ತಿರವೂ ಮಾತಾಡಿ, ಮಗನ ಹತ್ತಿರ ಅಲ್ಲ, ಅಪ್ಪನ ಹತ್ತಿರ. ಮೇಜು ಒಳಕೋಣೆಗೆ ವಾಪಸ್ ಹೋಗಬೇಕು. ಅಷ್ಟು ಬಾಕ್ಸಿನ ಲೆಕ್ಕ ತಲೆಯಲ್ಲಿ ಇಟ್ಟುಕೊಳ್ಳುವ ಇನ್ನೊಬ್ಬರು ಆ ಯಾರ್ಡಿನಲ್ಲಿ ಸಿಗುವುದಿಲ್ಲ ಅಂತ ಆ ಹಿರಿಯರಿಗೆ ಗೊತ್ತಿಲ್ಲದೆ ಇರುವುದಿಲ್ಲ.