ನಾಯಿ ಕಚ್ಚಿದಾಗ ಲಸಿಕೆ ಕೊಟ್ಟರೂ ಗಾಯದ ಸುತ್ತ ಇನ್ನೊಂದು ಇಂಜೆಕ್ಷನ್ ಏಕೆ?

ಲಸಿಕೆ ಫಲ ಕೊಡಲು ದಿನಗಳು ಬೇಕು, ಅದಕ್ಕೇ. ತೋಳಿಗೆ ಚುಚ್ಚುವುದು ನಿಷ್ಕ್ರಿಯಗೊಳಿಸಿದ ರೇಬಿಸ್ ವೈರಸ್. ಅಲ್ಲಿನ ಡೆಂಡ್ರೈಟಿಕ್ ಕೋಶಗಳು, ಅಂದರೆ ದೇಹದ ಕಾವಲು ಕೋಶಗಳು, ಅದರ ತುಣುಕುಗಳನ್ನು ಕಂಕುಳಿನ ದುಗ್ಧಗ್ರಂಥಿಗೆ ಒಯ್ದು ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳಿಗೆ ತೋರಿಸುತ್ತವೆ. ಪ್ರತಿಕಾಯ ತಯಾರಿಸಬಲ್ಲ ಅಸಂಖ್ಯ ಬಿ ಕೋಶಗಳ ನಡುವೆ ಈ ವೈರಸ್ಸಿನ ಹೊರಮೈ ಪ್ರೋಟೀನಿಗೆ ಹೊಂದುವ ಕೆಲವೇ ಕೋಶಗಳು, ಟಿ ಕೋಶದ ನೆರವು ಸಿಕ್ಕ ಮೇಲೆ, ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚಿ ಪ್ರತಿಕಾಯ (ವೈರಸ್ಸಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನು) ತಯಾರಿಸತೊಡಗುತ್ತವೆ. ಇದಕ್ಕೆ ಸುಮಾರು 7ರಿಂದ 14 ದಿನ ಹಿಡಿಯುತ್ತದೆ. ಅಷ್ಟರಲ್ಲಿ ವೈರಸ್ ನರದೊಳಗೆ ನುಸುಳಿದರೆ ಪ್ರತಿಕಾಯದ ಕೈಗೆ ಸಿಗುವುದು ಕಷ್ಟ.

ಈ ನಡುವಿನ ದಿನಗಳಿಗಾಗಿ ಸಿದ್ಧ ಪ್ರತಿಕಾಯವನ್ನೇ, ಅಂದರೆ ಇಮ್ಯುನೊಗ್ಲಾಬ್ಯುಲಿನ್ ಅನ್ನು, ಆಳವಾದ ಗಾಯದೊಳಗೆ ಮತ್ತು ಸುತ್ತ ಹಾಕುತ್ತಾರೆ. ಮನುಷ್ಯರ ರಕ್ತದ್ದಾದರೆ ಕಿಲೋ ತೂಕಕ್ಕೆ ಹೆಚ್ಚೆಂದರೆ 20 ಯೂನಿಟ್, ಕುದುರೆಯದಾದರೆ 40. ಮೊದಲ ಲಸಿಕೆಯಾಗಿ 7 ದಿನ ಕಳೆದಿದ್ದರೆ ಕೊಡುವುದಿಲ್ಲ. ದೇಹ ತಾನೇ ತಯಾರಿಸುತ್ತಿರುವುದಕ್ಕೆ ಅದು ಅಡ್ಡಿಯಾಗಬಹುದು.

ಹಿಂದೆ ಪೂರ್ತಿ ಲಸಿಕೆ ಪಡೆದ ಆರೋಗ್ಯವಂತರಿಗೆ ಈ ಇಮ್ಯುನೊಗ್ಲಾಬ್ಯುಲಿನ್ ಬೇಡ. ಅವರಲ್ಲಿ ಉಳಿದಿರುವ ನೆನಪಿನ ಕೋಶಗಳು ಕೆಲವೇ ದಿನಗಳಲ್ಲಿ ಎಚ್ಚೆತ್ತು ಕೆಲಸಕ್ಕಿಳಿಯುತ್ತವೆ, ಹಾಗಾಗಿ 0 (ಮೊದಲ ಚುಚ್ಚುಮದ್ದಿನ ದಿನ) ಮತ್ತು 3ನೇ ದಿನದ ಲಸಿಕೆ ಸಾಕು. ಆದರೆ ಸೋಪು ಹಚ್ಚಿ, ಹರಿಯುವ ನೀರಲ್ಲಿ 15 ನಿಮಿಷ ಗಾಯ ತೊಳೆಯುವುದನ್ನು ದಯವಿಟ್ಟು ಯಾರೂ ಬಿಡಬೇಡಿ. ಸುಣ್ಣ, ಖಾರದ ಪುಡಿ ಮಾತ್ರ ಹಚ್ಚಲೇಬೇಡಿ.