‘ರದ್ದಾಯಿತು’ ಅಂದಿರಿ, ರದ್ದು ಮಾಡಿದವರು ಯಾರು?

ಪ್ರಿಯ ತಂಗಿ, ನಮಸ್ಕಾರ.

ತುಮಕೂರಿನ ನಿಮ್ಮ ಕಾಲೇಜಿಗೆ ಭಾಷಣಕ್ಕೆ ಕರೆಸಿದ್ದ ಅತಿಥಿಯೊಬ್ಬರ ವಿರುದ್ಧ ವಿದ್ಯಾರ್ಥಿಗಳು ಪ್ರತಿಭಟಿಸಿದ್ದು, ಕಾರ್ಯಕ್ರಮ ಅರ್ಧಕ್ಕೇ ನಿಂತದ್ದು, ಇದರ ಮೇಲೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲಾರೆ. ಒಂದು ಸಾಲಿನ ವಿಷಾದಪತ್ರ ಹಾಕಿ ಸುಮ್ಮನಾಗಲೂ ಮನಸ್ಸು ಬರಲಿಲ್ಲ. ನೀವು ಒಪ್ಪಿದ್ದರಿಂದ, ಹೆಸರು ಬಿಟ್ಟು, ಇಲ್ಲೇ ಉತ್ತರಿಸುತ್ತಿದ್ದೇನೆ.

ನಿಮ್ಮ ಕನ್ನಡ ತಿಳಿಯಾಗಿದೆ. ಬ್ಯಾನರಿಗೆ ಬಟ್ಟೆ ಸಾಲದೆ ಹಾಸ್ಟೆಲಿನ ಹಳೆ ಬೆಡ್‌ಶೀಟಿನ ಮೇಲೆ ಬಣ್ಣದಲ್ಲಿ ಬರೆದರು ಎಂಬ ವಿವರ ಕಣ್ಣಿಗೆ ಕಟ್ಟುತ್ತದೆ. ಇನ್ನು ನನ್ನ ತಕರಾರಿಗೆ ಬರುತ್ತೇನೆ.

ಮೂರನೆಯ ಪುಟದಲ್ಲಿ ಹೀಗೆ ಬರೆದಿದ್ದೀರಿ: ‘ಸಭಾಂಗಣದಲ್ಲಿ ಗದ್ದಲ ಉಂಟಾಯಿತು. ತೀವ್ರ ವಿರೋಧ ವ್ಯಕ್ತವಾಯಿತು. ಪರಿಸ್ಥಿತಿ ಕೈಮೀರಿತು. ಕೊನೆಗೆ ಕಾರ್ಯಕ್ರಮ ರದ್ದಾಯಿತು. ವಾಕ್ ಸ್ವಾತಂತ್ರ್ಯದ ಕಗ್ಗೊಲೆಯಾಯಿತು.’

ಐದು ವಾಕ್ಯಗಳಲ್ಲಿ ಒಬ್ಬ ಮನುಷ್ಯನೂ ಇಲ್ಲ. ಬೆಳಗಾಯಿತು, ತಡವಾಯಿತು ಅನ್ನುವಾಗ ಮಾಡಿದವರು ಯಾರೂ ಇರುವುದಿಲ್ಲ, ಅಲ್ಲಿ ‘ಆಯಿತು’ ಸರಿಯಾಗಿ ಕೂರುತ್ತದೆ. ಕಾರ್ಯಕ್ರಮ ಹಾಗೆ ತಾನಾಗಿ ರದ್ದಾಗುವುದಿಲ್ಲ. ಯಾರೋ ಒಬ್ಬರು ಇನ್ನೊಬ್ಬರಿಗೆ ‘ನಿಲ್ಲಿಸಿ’ ಅಂದಿರುತ್ತಾರೆ. ಆ ಒಬ್ಬರು ಯಾರೆಂದು ಹೇಳದೆ ವಾಕ್ ಸ್ವಾತಂತ್ರ್ಯದ ಬಗ್ಗೆ ಏನು ಬರೆದರೂ ಅದು ಗಾಳಿಗೆ ಗುದ್ದಿದ ಹಾಗೆ. ಯಾರು ಯಾರ ಮಾತನ್ನು, ಯಾವ ಅಧಿಕಾರದಿಂದ ತಡೆದರು ಎಂಬುದೇ ಇಲ್ಲಿ ಇಡೀ ವಿಷಯ.

‘ಗದ್ದಲ ಉಂಟಾಯಿತು.’ ಎಷ್ಟು ಜನ ಮಾಡಿದರು? ನಿಮ್ಮ ಕಾಲೇಜಿನವರೇ, ಹೊರಗಿನಿಂದ ಬಂದವರೇ? ಅತಿಥಿ ವೇದಿಕೆ ಹತ್ತುವಾಗ ಎರಡು ನಿಮಿಷ ಧಿಕ್ಕಾರ ಕೂಗಿ ಹೊರನಡೆದರೋ, ಮುಕ್ಕಾಲು ಗಂಟೆ ಎಡೆಬಿಡದೆ ಕೂಗಿ ಒಂದು ವಾಕ್ಯವೂ ಕೇಳದಂತೆ ಮಾಡಿದರೋ? ಮೊದಲಿನದು ಅತಿಥಿಗೆ ಕೊಟ್ಟ ಉತ್ತರ. ಎರಡನೆಯದು ಕೇಳಲೆಂದು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದವರ ಕಿವಿಯನ್ನೂ ಮುಚ್ಚಿದ ಹಾಗೆ. ಎರಡಕ್ಕೂ ‘ಗದ್ದಲ’ ಅಂದರೆ ಓದುಗರು ಯಾವುದೆಂದು ತಿಳಿಯಬೇಕು?

‘ವಿರೋಧ ವ್ಯಕ್ತವಾಯಿತು.’ ಈ ವಾಕ್ಯವಂತೂ ನನಗೆ ಸಹಿಸಲಾಗದು. ಪ್ರಾಂಶುಪಾಲರಿಗೆ ಮೊದಲೇ ಮನವಿ ಪತ್ರ ಕೊಡುವುದು, ಗೇಟಿನ ಹೊರಗೆ ಫಲಕ ಹಿಡಿಯುವುದು, ತೋಳಿಗೆ ಕಪ್ಪು ಪಟ್ಟಿ ಕಟ್ಟಿ ಕೂರುವುದು, ಎದ್ದು ಬೆನ್ನು ತಿರುಗಿಸಿ ನಿಲ್ಲುವುದು, ಪ್ರಶ್ನೆಯ ಸಮಯದಲ್ಲಿ ನೆತ್ತಿಗೇರುವಂಥ ಪ್ರಶ್ನೆ ಕೇಳುವುದು, ಎಲ್ಲವೂ ವಿರೋಧವೇ. ಇಷ್ಟೆಲ್ಲ ಮಾಡಿದರೂ ಅತಿಥಿ ಮಾತಾಡಬಹುದು. ಬಾಗಿಲಿಗೆ ಅಡ್ಡ ಮಲಗುವುದು, ಮೈಕ್ ಕಿತ್ತುಕೊಳ್ಳುವುದು, ಆಂಪ್ಲಿಫೈಯರಿನ ವೈರ್ ಎಳೆಯುವುದು ಬೇರೆ ಜಾತಿಯ ಕೆಲಸ. ದಾರಿಗೆ ಅಡ್ಡ ನಿಂತು ಒಬ್ಬರನ್ನು ಹೋಗದಂತೆ ತಡೆದರೆ ಅದಕ್ಕೆ ಭಾರತೀಯ ನ್ಯಾಯ ಸಂಹಿತೆಯ 126ನೆಯ ಸೆಕ್ಷನ್ ಇದೆ. ಫಲಕ ಹಿಡಿದವರ ಕಥೆ ಪೂರ್ತಿ ಬೇರೆ. ಪ್ರದರ್ಶನವೂ ಅಭಿವ್ಯಕ್ತಿಯ ಒಂದು ರೂಪವಾಗಬಲ್ಲದು ಎಂದು ಸುಪ್ರೀಂ ಕೋರ್ಟ್ 1962ರಲ್ಲೇ, ಬಿಹಾರದ ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ ಹೇಳಿದೆ. ನಿಮ್ಮ ಲೇಖನ ಮೊದಲಿಂದ ಕೊನೆಯವರೆಗೆ ‘ಒಂದು ಕಡೆ ವಾಕ್ ಸ್ವಾತಂತ್ರ್ಯ, ಇನ್ನೊಂದು ಕಡೆ ಪ್ರತಿಭಟನೆ’ ಎಂದು ತಕ್ಕಡಿ ಹಿಡಿದಿದೆ. ವೇದಿಕೆಯ ಮೇಲಿನ ಮಾತೂ ಗೇಟಿನ ಬಳಿಯ ಫಲಕವೂ ಸಂವಿಧಾನದ 19(1)(ಎ) ವಿಧಿ ಎಂಬ ಒಂದೇ ಚಾವಣಿಯ ಕೆಳಗಿವೆ. ಶಾಂತಿಯಿಂದ, ಆಯುಧವಿಲ್ಲದೆ ಸೇರುವ ಹಕ್ಕು ಪಕ್ಕದಲ್ಲೇ, 19(1)(ಬಿ)ಯಲ್ಲಿದೆ.

‘ಪರಿಸ್ಥಿತಿ ಕೈಮೀರಿತು.’ ಯಾರ ಕೈ? ಪ್ರಾಂಶುಪಾಲರದೋ, ಸಬ್ ಇನ್‌ಸ್ಪೆಕ್ಟರರದೋ? ಸಭಾಂಗಣದಲ್ಲಿ ಪೊಲೀಸರು ಎಷ್ಟಿದ್ದರು? ಒಂದು ಕುರ್ಚಿಯಾದರೂ ಮುರಿಯಿತೇ? ಇದು ನಿಮ್ಮ ಕಣ್ಣು ಕಂಡ ವಾಕ್ಯವಲ್ಲ, ಕಚೇರಿಯ ಪ್ರಕಟಣೆಯಿಂದ ಎತ್ತಿಕೊಂಡದ್ದು. ಇದರ ಮೇಲೆ ಎಷ್ಟು ಭಾರ ಬೀಳುತ್ತದೆ ನೋಡಿ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರ ಬಂಧನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದರೊಳಗೊಂದು ಮೂರು ವೃತ್ತ ಬರೆದು ತೋರಿಸಿತು. ಹೊರಗಿನ ದೊಡ್ಡದು ಕಾನೂನು ಸುವ್ಯವಸ್ಥೆ, ಅದರೊಳಗೆ ಸಾರ್ವಜನಿಕ ಸುವ್ಯವಸ್ಥೆ, ಎಲ್ಲಕ್ಕಿಂತ ಒಳಗೆ ದೇಶದ ಭದ್ರತೆ. ಹಾಲ್‌ನೊಳಗಿನ ತಳ್ಳಾಟ ಹೊರವೃತ್ತದಲ್ಲೇ ಉಳಿಯುವಂಥದ್ದು. ಇನ್ನು 1989ರ ರಂಗರಾಜನ್ ಪ್ರಕರಣ. ಮೀಸಲಾತಿಯನ್ನು ಟೀಕಿಸಿದ ತಮಿಳು ಚಿತ್ರವೊಂದನ್ನು ತಡೆಯುವ ವಾದ ಬಂದಾಗ ಅದೇ ಕೋರ್ಟು, ಪ್ರದರ್ಶನ ಮೆರವಣಿಗೆಗಳ ಬೆದರಿಕೆ ಇದೆ ಎಂಬ ಕಾರಣಕ್ಕೆ ಮಾತನ್ನು ಅದುಮಲಾಗದು, ವಿರೋಧಿಸುವ ಗುಂಪನ್ನು ಸಂಭಾಳಿಸಲು ನಮ್ಮಿಂದಾಗದು ಎಂದು ಸರ್ಕಾರ ಕೈಚೆಲ್ಲಲಾಗದು ಎಂದಿತು. ಮಾತಿಗೂ ಅನಾಹುತಕ್ಕೂ ಮದ್ದಿನ ಪೀಪಾಯಿಗೆ ಬಿದ್ದ ಕಿಡಿಯಷ್ಟು ಹತ್ತಿರದ ನಂಟಿರಬೇಕು ಎಂದಿತು. ನೀವು ‘ಪರಿಸ್ಥಿತಿ ಕೈಮೀರಿತು’ ಎಂದು ಎರಡು ಪದದಲ್ಲಿ ದಾಟಿದ ಜಾಗ ಇದು. ಅಲ್ಲಿ ಮೂರು ಪ್ಯಾರಾ ಬೇಕಿತ್ತು.

‘ಕಾರ್ಯಕ್ರಮ ರದ್ದಾಯಿತು.’ ಪ್ರಾಂಶುಪಾಲರು ರದ್ದು ಮಾಡಿದರೆ ಲೇಖನ ಕಾಲೇಜಿನ ಬಗ್ಗೆ. ಪೊಲೀಸರ ಮಾತಿಗೆ ಮಣಿದು ಮಾಡಿದ್ದರೆ ಪೊಲೀಸರ ಬಗ್ಗೆ. ಆಡಳಿತ ಮಂಡಳಿಯವರ ಒಂದು ಫೋನಿನಿಂದ ನಿಂತಿದ್ದರೆ ಇನ್ನೂ ಬೇರೆ. ಅತಿಥಿಯೇ ಬೇಸರಪಟ್ಟು ಕಾರು ಹತ್ತಿದ್ದರೆ ಅದು ರದ್ದೇ ಅಲ್ಲ. ಯಾವುದು ನಿಜವೆಂದು ತಿಳಿಯದೆ ಕೊನೆಯ ವಾಕ್ಯದ ‘ಕಗ್ಗೊಲೆ’ಯನ್ನು ಯಾರ ತಲೆಗೆ ಕಟ್ಟುತ್ತೀರಿ? ಮೇಲಿನ ನಾಲ್ಕಕ್ಕೂ ಮನುಷ್ಯರನ್ನು ತಂದು ನಿಲ್ಲಿಸಿ, ಆಗ ಐದನೆಯ ವಾಕ್ಯವನ್ನು ನೀವೇ ಹೊಡೆದುಹಾಕುತ್ತೀರಿ.

ನಾನು ಕೆಲಸ ಕಲಿತ ಡೆಸ್ಕಿನಲ್ಲಿ ಹಿರಿಯ ಉಪಸಂಪಾದಕರು ವರದಿಯ ಪ್ರತಿಯೊಂದು ‘ಆಯಿತು’ವಿನ ಕೆಳಗೂ ಕೆಂಪು ಗೆರೆ ಎಳೆದು ಅಂಚಿನಲ್ಲಿ ‘ಯಾರು?’ ಎಂದು ಬರೆಯುತ್ತಿದ್ದರು. ಉತ್ತರ ಗೊತ್ತಿಲ್ಲದಿದ್ದರೆ ಠಾಣೆಗೋ ಕಚೇರಿಗೋ ಫೋನ್ ಮಾಡಬೇಕು. ಅಲ್ಲೂ ಸಿಗದಿದ್ದರೆ ‘ನಿರ್ಧಾರ ಯಾರದೆಂದು ಕಾಲೇಜು ತಿಳಿಸಲಿಲ್ಲ’ ಎಂದು ಬರೆಯಬೇಕು. ಆ ಅಭ್ಯಾಸ ನನಗೆ ಇನ್ನೂ ಹೋಗಿಲ್ಲ. ನಿಮ್ಮ ಪ್ರತಿಯ ತುಂಬ ಕೆಂಪು ಕಂಡರೆ ಅದೇ ಕಾರಣ.

ಇದೇ ರೋಗದ ಇನ್ನೊಂದು ಲಕ್ಷಣ ‘ವಿವಾದಾತ್ಮಕ’ ಎಂಬ ಪದ. ಹನ್ನೊಂದು ಕಡೆ ಬಳಸಿದ್ದೀರಿ. ಆ ಅತಿಥಿ ಹಿಂದೆ ಏನು ಹೇಳಿದ್ದರು ಎಂಬ ಒಂದೇ ಒಂದು ವಾಕ್ಯ ಇಲ್ಲ. 2015ರಲ್ಲಿ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಹೊಡೆದುಹಾಕುವಾಗ ಸುಪ್ರೀಂ ಕೋರ್ಟು ಚರ್ಚೆ, ಪ್ರತಿಪಾದನೆ, ಪ್ರಚೋದನೆ ಎಂದು ಮೂರನ್ನು ಬೇರೆ ಮಾಡಿತು. ಮೊದಲ ಎರಡು ಎಷ್ಟೇ ಕಹಿಯಾಗಿದ್ದರೂ ರಕ್ಷಣೆ ಇದೆ, ಮೂರನೆಯದನ್ನು ಮುಟ್ಟಿದಾಗ ಕಾನೂನು ಕೈಹಾಕಬಹುದು. ನಿಮ್ಮ ಅತಿಥಿಯ ಮಾತು ಯಾವ ಖಾನೆಯದು? ಅವರ ವಾಕ್ಯವನ್ನೇ ಇಡಿ, ಓದುಗರು ನೋಡಿಕೊಳ್ಳುತ್ತಾರೆ. ವಿಡಿಯೊದಿಂದ ಇಳಿಸಿಕೊಳ್ಳುವುದಾದರೆ ಹಿಂದಿನ ಎರಡು ವಾಕ್ಯ, ಮುಂದಿನ ಎರಡು ವಾಕ್ಯ ಸೇರಿಸಿ ಬರೆದುಕೊಳ್ಳಿ. ತುಣುಕು ವಿಡಿಯೊಗಳಲ್ಲಿ ಕತ್ತರಿ ಬೀಳುವುದು ಅಲ್ಲೇ.

ಎರಡನೆಯ ದೊಡ್ಡ ತಪ್ಪು ಮೊದಲ ಪುಟದಲ್ಲೇ ಇದೆ. ‘ಸಂವಿಧಾನದ ಮೊದಲ ತಿದ್ದುಪಡಿ ನಮಗೆ ನೀಡಿದ ವಾಕ್ ಸ್ವಾತಂತ್ರ್ಯ.’ ಇದನ್ನು ಓದಿ ನಿಜಕ್ಕೂ ಸಂಕಟಪಟ್ಟೆ. ಮೊದಲ ತಿದ್ದುಪಡಿಯಿಂದ ವಾಕ್ ಸ್ವಾತಂತ್ರ್ಯ ಪಡೆದದ್ದು ಅಮೆರಿಕ, 1791ರಲ್ಲಿ. ನಮ್ಮಲ್ಲಿ ಅದು ಮೂಲ ಸಂವಿಧಾನದಲ್ಲೇ ಇತ್ತು. ನಮ್ಮ ಮೊದಲ ತಿದ್ದುಪಡಿ ಆ ಹಕ್ಕಿಗೆ ಬೇಲಿ ಹಾಕಿದ್ದು. 1950ರ ಮೇ 26ರಂದು ಸುಪ್ರೀಂ ಕೋರ್ಟ್ ಒಂದೇ ದಿನ ಎರಡು ತೀರ್ಪು ಕೊಟ್ಟಿತು. ಮದ್ರಾಸ್ ಸರ್ಕಾರ ತನ್ನ ಪ್ರಾಂತ್ಯಕ್ಕೆ ಬಾರದಂತೆ ತಡೆದಿದ್ದ ಎಡಪಂಥೀಯ ಪತ್ರಿಕೆ ‘ಕ್ರಾಸ್ ರೋಡ್ಸ್’ ಪರ ಒಂದು, ದೆಹಲಿಯ ಆಡಳಿತ ಮುಂಚಿತ ಸೆನ್ಸಾರ್ ಹೇರಿದ್ದ ಬಲಪಂಥೀಯ ಪತ್ರಿಕೆ ‘ಆರ್ಗನೈಸರ್’ ಪರ ಇನ್ನೊಂದು. ಒಂದು ಎಡ, ಒಂದು ಬಲ, ಗೆದ್ದದ್ದು ಎರಡೂ. ಮುಂದಿನ ವರ್ಷ, 1951ರ ಜೂನ್ 18ರಂದು, ತಿದ್ದುಪಡಿ ಬಂತು. ಸಾರ್ವಜನಿಕ ಸುವ್ಯವಸ್ಥೆ, ವಿದೇಶಗಳೊಡನೆ ಸ್ನೇಹ ಸಂಬಂಧ, ಅಪರಾಧಕ್ಕೆ ಪ್ರಚೋದನೆ ಎಂಬ ಹೊಸ ಕಾರಣಗಳು, ಮಾತಿಗೆ ನಿರ್ಬಂಧ ಹೇರಲು ಅವಕಾಶ ಕೊಡುವ 19(2)ಕ್ಕೆ ಸೇರಿದವು. ಜೊತೆಗೆ, ನಿರ್ಬಂಧ ‘ಸಮಂಜಸ’ವಾಗಿರಬೇಕು ಎಂಬ ಪದವೂ ಸೇರಿತು. ಕೋರ್ಟುಗಳು ಇವತ್ತಿಗೂ ಆ ಒಂದು ಪದ ಹಿಡಿದೇ ಸರ್ಕಾರವನ್ನು ಪ್ರಶ್ನಿಸುತ್ತವೆ. 1963ರಲ್ಲಿ ದೇಶದ ಸಾರ್ವಭೌಮತೆ ಮತ್ತು ಅಖಂಡತೆ ಸೇರಿ ಇಂದು ಒಟ್ಟು ಎಂಟು ಕಾರಣಗಳಿವೆ. ‘ಭಾವನೆಗೆ ಧಕ್ಕೆ’ ಎಂಬುದು ಆ ಎಂಟರಲ್ಲಿ ಇಲ್ಲ. ಅದನ್ನು ಆಧರಿಸಿದ ಕಾನೂನುಗಳೂ ಸಾರ್ವಜನಿಕ ಸುವ್ಯವಸ್ಥೆಯ ಬಾಗಿಲಿನಿಂದಲೇ ಒಳಗೆ ಬರಬೇಕು.

‘ಅಂದು 144 ಜಾರಿಯಲ್ಲಿತ್ತಂತೆ’ ಎಂದೂ ಬರೆದಿದ್ದೀರಿ. ಬಾಯಿಮಾತಿಗೆ 144 ಇರಲಿ. ಅಚ್ಚಿನಲ್ಲಿ, 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163. ಅದಕ್ಕಿಂತ ಮುಖ್ಯವಾಗಿ ಆ ‘ಅಂತೆ’ ಹೋಗಬೇಕು. ಬೆಂಗಳೂರಿನಲ್ಲಾದರೆ ಪೊಲೀಸ್ ಕಮಿಷನರ್ ಆದೇಶ ಹೊರಡಿಸುತ್ತಾರೆ. ತುಮಕೂರಿನಲ್ಲಿ ಕಮಿಷನರೇಟ್ ಇಲ್ಲ, ಡಿ.ಸಿ.ಯೋ ಎ.ಸಿ.ಯೋ ಮ್ಯಾಜಿಸ್ಟ್ರೇಟರಾಗಿ ಸಹಿ ಹಾಕಬೇಕು. ಆದೇಶ ಲಿಖಿತವಾಗಿರುತ್ತದೆ, ಅದರಲ್ಲಿ ಕಾರಣ ಇರಬೇಕು, ರಾಜ್ಯ ಸರ್ಕಾರ ಮುಂದುವರಿಸದಿದ್ದರೆ ಎರಡು ತಿಂಗಳಿಗೆ ತೀರುತ್ತದೆ. 2019ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹೊರಡಿಸಿದ ನಿಷೇಧಾಜ್ಞೆಯನ್ನು ನಮ್ಮ ಹೈಕೋರ್ಟು 2020ರ ಫೆಬ್ರವರಿಯಲ್ಲಿ ಕಾನೂನುಬಾಹಿರ ಎಂದದ್ದು ಆ ಆದೇಶದ ಪ್ರತಿಯನ್ನೇ ಮುಂದಿಟ್ಟುಕೊಂಡು. ನಿಮ್ಮ ಆದೇಶದ ಪ್ರತಿ ಎಲ್ಲಿ? ಡಿ.ಸಿ. ಕಚೇರಿ ನಿಮ್ಮೂರಲ್ಲೇ ಇದೆಯಲ್ಲ.

ಅಮೆರಿಕದ ಉದಾಹರಣೆಗೆ ಬರೋಣ. ‘ಬರ್ಕ್ಲಿಯಿಂದ ಮಿಡಲ್‌ಬರಿಯವರೆಗೆ ವಿದ್ಯಾರ್ಥಿಗಳೇ ಮಾತಿನ ಶತ್ರುಗಳಾದರು’ ಎಂದಿದ್ದೀರಿ. 2017ರ ಫೆಬ್ರವರಿ 1ರಂದು ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಬಲಪಂಥೀಯ ಭಾಷಣಕಾರ ಮೈಲೊ ಯಾನೊಪೌಲಸ್ ಭಾಷಣದ ವಿರುದ್ಧ ಸುಮಾರು 1,500 ಜನ ಶಾಂತವಾಗಿ ಸೇರಿದ್ದರು. ಕಿಟಕಿ ಒಡೆದು ಬೆಂಕಿ ಹಚ್ಚಿದವರು ಮುಸುಕು ಹಾಕಿಕೊಂಡು ನುಗ್ಗಿದ ಸುಮಾರು 150 ಜನ ಎಂದು ವಿಶ್ವವಿದ್ಯಾಲಯವೇ ಹೇಳಿತು. ಭಾಷಣ ರದ್ದು ಮಾಡಿದ್ದು ವಿಶ್ವವಿದ್ಯಾಲಯದ ಆಡಳಿತ. ಮರುತಿಂಗಳು 2ರಂದು ಮಿಡಲ್‌ಬರಿ ಕಾಲೇಜಿಗೆ ಲೇಖಕ ಚಾರ್ಲ್ಸ್ ಮರ್ರೆ ಬಂದಾಗ ವಿದ್ಯಾರ್ಥಿಗಳು ಎದ್ದು ಬೆನ್ನು ತಿರುಗಿಸಿ, ಒಕ್ಕೊರಲಿನಲ್ಲಿ ಓದಿ, ಘೋಷಣೆ ಕೂಗಿ ಮಾತಾಡಲು ಬಿಡಲಿಲ್ಲ. ಕಾಲೇಜು ಅವರನ್ನು ಬೇರೆ ಕೋಣೆಗೆ ಕರೆದೊಯ್ದು ಅಲ್ಲಿಂದ ನೇರ ಪ್ರಸಾರ ಮಾಡಿತು. ಹೊರಡುವಾಗ ಜೊತೆಗಿದ್ದ ಪ್ರಾಧ್ಯಾಪಕಿ ಆಲಿಸನ್ ಸ್ಟ್ಯಾಂಗರ್ ಅವರ ಕೂದಲು ಹಿಡಿದೆಳೆದು ಕುತ್ತಿಗೆಗೆ ಪೆಟ್ಟು ಮಾಡಿದರು. ಬರ್ಕ್ಲಿ ಸರ್ಕಾರಿ, ಮಿಡಲ್‌ಬರಿ ಖಾಸಗಿ. ಅಲ್ಲಿನ ಮೊದಲ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರದ ಕೈಯನ್ನು ಮಾತ್ರ. ಇಷ್ಟನ್ನೂ ಒಂದೇ ‘ವಿದ್ಯಾರ್ಥಿಗಳು’ ಪದದಲ್ಲಿ ಅದ್ದಿದ್ದೀರಿ. 1964ರಲ್ಲಿ ಇದೇ ಬರ್ಕ್ಲಿಯ ಆವರಣದಲ್ಲಿ ಮಾತಿನ ಹಕ್ಕಿಗಾಗಿ ಹೋರಾಡಿದವರೂ ವಿದ್ಯಾರ್ಥಿಗಳೇ.

ಅಷ್ಟು ದೂರ ಹೋಗಬೇಕೂ ಇರಲಿಲ್ಲ. 1973ರ ನವೆಂಬರಿನಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ದಲಿತ ನಾಯಕ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಮಾತಾಡುತ್ತ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ಅವರ ರಾಜೀನಾಮೆ ಕೇಳಿ ವಿದ್ಯಾರ್ಥಿಗಳು ಬೀದಿಗಿಳಿದರು. ಅವರ ಪರ ನಿಂತ ದಲಿತರೂ ವಿದ್ಯಾರ್ಥಿಗಳೇ, ಆ ದಲಿತರ ಮೇಲೆ ಕೈಮಾಡಿದವರಲ್ಲೂ ವಿದ್ಯಾರ್ಥಿಗಳಿದ್ದರು. ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಡಬೇಕಾಯಿತು, ದಲಿತ ಚಳವಳಿ ಗಟ್ಟಿಯಾಗಿ ಎದ್ದು ನಿಂತಿತು. ಇಲ್ಲಿ ‘ವಿದ್ಯಾರ್ಥಿಗಳು ಪ್ರತಿಭಟಿಸಿದರು’ ಎಂದು ಬರೆದು ನೋಡಿ. ಯಾವ ಕಡೆಯವರು ಎಂಬುದು ಆ ವಾಕ್ಯದಲ್ಲಿ ಎಲ್ಲಿದೆ? ಕೋಲಾರ, ತುಮಕೂರಿನಲ್ಲಿ ಆ ದಿನಗಳನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಮಾತಾಡಿಸಿ, ಅಮೆರಿಕದ ಪ್ಯಾರಾ ತೆಗೆದು ಇದನ್ನು ಹಾಕಿ.

ಕೊನೆಗೆ, ಲೇಖನದ ಜೊತೆ ನೀವಿಟ್ಟ ಚೀಟಿ. ‘ನಾನೂ ಗೇಟಿನ ಬಳಿ ಫಲಕ ಹಿಡಿದು ನಿಂತಿದ್ದೆ ಸರ್. ಅವರು ಮಾತಾಡಬಾರದು ಎಂದು ನನಗೆ ಅನಿಸಿರಲಿಲ್ಲ, ನಮ್ಮ ಮಾತೂ ಕೇಳಲಿ ಎಂದಷ್ಟೇ ಇತ್ತು’ ಎಂದು ಬರೆದಿದ್ದೀರಿ. ಹನ್ನೆರಡು ಪುಟಗಳಲ್ಲಿ ಇಲ್ಲದ್ದು ಈ ಎರಡು ವಾಕ್ಯದಲ್ಲಿದೆ. ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ನಿಮ್ಮ ‘ಆಯಿತು’ಗಳು ಮರೆಮಾಡಿದ್ದು ಪ್ರಾಂಶುಪಾಲರನ್ನು ಮಾತ್ರವಲ್ಲ, ನಿಮ್ಮನ್ನೂ. ಫಲಕದ ಮೇಲೆ ಏನು ಬರೆದಿದ್ದಿರಿ? ಒಳಗಿನ ಕೂಗು ಗೇಟಿಗೆ ಕೇಳುತ್ತಿತ್ತೇ? ಒಳಗೆ ಹೋದವರಲ್ಲಿ ನಿಮ್ಮ ಜೊತೆ ನಿಂತಿದ್ದವರು ಎಷ್ಟು ಮಂದಿ? ಲೇಖನ ಅಲ್ಲಿಂದ ಶುರುವಾಗಲಿ.

ಮನವಿ ಪತ್ರದ ಪ್ರತಿ ನಿಮ್ಮವರ ಬಳಿಯೇ ಇರುತ್ತದೆ. ಅದರಲ್ಲಿ ‘ಆಹ್ವಾನ ಹಿಂಪಡೆಯಿರಿ’ ಎಂದಿತ್ತೋ, ‘ಪ್ರಶ್ನೆಗೆ ಅರ್ಧ ಗಂಟೆ ಕೊಡಿ’ ಎಂದಿತ್ತೋ, ಆ ವಾಕ್ಯವನ್ನು ಹಾಗೇ ಇಳಿಸಿ. ಕಾಲೇಜು ಸರ್ಕಾರಿ ಅಥವಾ ಅನುದಾನಿತ ಆಗಿದ್ದರೆ ಮಾಹಿತಿ ಹಕ್ಕಿನಲ್ಲಿ ಎರಡು ಕಾಗದ ಕೇಳಿ, ಸಭಾಂಗಣಕ್ಕೆ ಅನುಮತಿ ಕೊಟ್ಟ ಪತ್ರ ಮತ್ತು ಕಾರ್ಯಕ್ರಮ ನಿಲ್ಲಿಸಿದ ಆದೇಶ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ವಾದ ಬರೆಯಬೇಡಿ, ದಿನಾಂಕ ಹಾಕಿ ಪ್ರತಿ ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ಆದೇಶವೇ ಇಲ್ಲ, ಬಾಯಿಮಾತಿನಲ್ಲಿ ನಿಲ್ಲಿಸಿದ್ದು ಎಂದು ಉತ್ತರ ಬಂದರೆ ಅದನ್ನೇ ಲೇಖನದ ಎರಡನೆಯ ಪ್ಯಾರಾ ಮಾಡಿ.

ಹನ್ನೆರಡು ಪುಟ ಬೇಡ, ಐದು ಸಾಕು. ಉತ್ತರ ಕೈಗೆ ಬಂದ ವಾರವೇ ಕಳಿಸಿ, ಜೊತೆಗೆ ಆ ಬೆಡ್‌ಶೀಟ್ ಬ್ಯಾನರಿನ ಫೋಟೊ ಇದ್ದರೆ ಅದನ್ನೂ.